ಒಳಕೋಣೆಯ ಪೈಲಟ್: ವಾಯುನೆರವು ಕೋರುವ ತರಬೇತಿಯಲ್ಲಿ ನನ್ನ ಅನುಭವ

“ಕಂಪ್ಯೂಟರ್ ಮುಂದ ಕುಂತು ಆಟ ಆಡಿದ್ರ ಲಡಾಯಿ ಕಲೀತಾರೇನ್ರಿ ಸಾಬ್?” ಎಂದು ಬೀದರಿನ ಮಾಜಿ ಸೈನಿಕ ಗೆಳೆಯರು ನಕ್ಕಿದ್ದರು. ಅವರಲ್ಲಿ ಕೆಲವರು ಈಗ ರಜೆಗೆ ಬಂದ ತಮ್ಮ ಮಕ್ಕಳನ್ನೇ ನನ್ನಲ್ಲಿಗೆ ಕಳುಹಿಸುತ್ತಿರುವುದರಿಂದ, ನೆಲದ ಮೇಲಿನ ಯೋಧ ರೇಡಿಯೋದಲ್ಲಿ ಪೈಲಟ್‌ಗೆ ಗುರಿಯನ್ನು ವಿವರಿಸಿ ವಿಮಾನದ ನೆರವು ಕೋರುವುದನ್ನು ಫಿರಂಗಿ ದಳದಿಂದ ನಿವೃತ್ತನಾದ ನಾನು ಕಂಪ್ಯೂಟರಿನಲ್ಲಿ ಕಲಿಸಿದ ಬಗೆಯನ್ನು ಬರೆಯುತ್ತಿದ್ದೇನೆ.

ಯುದ್ಧದ ತರಬೇತಿಗೆ ಸೇನೆಗಳು ಬಳಸುವ ವಿಬಿಎಸ್ ತಂತ್ರಾಂಶ ನನ್ನ ಜೇಬಿಗೆ ಎಟುಕುವಂಥದ್ದಲ್ಲ. ಹಾಗಾಗಿ ಸೈನಿಕರ ಕಾಳಗದ ಆರ್ಮಾ 3 ಮತ್ತು ಯುದ್ಧವಿಮಾನ ಹಾರಿಸುವ ಡಿಸಿಎಸ್ ವರ್ಲ್ಡ್ ಆಟಗಳನ್ನೇ ಹಿಡಿದೆ. ಹಳೆಯ ಕಂಪ್ಯೂಟರು, ಗ್ರಾಫಿಕ್ಸ್ ಕಾರ್ಡು, ಬೇಸಿಗೆಯ ಕರೆಂಟಿಗಾಗಿ ಯುಪಿಎಸ್ ಎಲ್ಲ ಸೇರಿ ಒಂದೂವರೆ ಲಕ್ಷದಷ್ಟು ಖರ್ಚಾಯಿತು. ಅದರ ಮೇಲೆ ಸುಮಾರು 30,000 ರೂಪಾಯಿ ಸುರಿದು ತಂದ, ಕಣ್ಣು ಮುಚ್ಚಿ ಆಟದೊಳಗಿನ ನೋಟವನ್ನಷ್ಟೇ ತೋರಿಸುವ ವಿಆರ್ ಕನ್ನಡಕ ಪೂರ್ತಿ ದಂಡವಾಯಿತು. ಅದನ್ನು ತೊಟ್ಟವನು ನಕ್ಷೆ ನೋಡಲಾರ, ಚೀಟಿಯಲ್ಲಿ ಬರೆದುಕೊಳ್ಳಲಾರ, ಅರ್ಧ ಗಂಟೆಯೊಳಗೆ ತಲೆ ಹಿಡಿದುಕೊಂಡು ಕೂರುತ್ತಾನೆ.

ಆಟದೊಳಗೆ ಕಂಪ್ಯೂಟರೇ ಹಾರಿಸುವ ವಿಮಾನಗಳೂ ಪ್ರಯೋಜನಕ್ಕೆ ಬರಲಿಲ್ಲ. ಪಟ್ಟಿಯಿಂದ ಒಂದನ್ನು ಒತ್ತಿದರೆ ಬಾಂಬು ಬೀಳುವಾಗ ಯೋಧ ಬಾಯಿ ಬಿಡುವ ಅಗತ್ಯವೇ ಇಲ್ಲ, ಆದರೆ ಕಲಿಯಬೇಕಾದದ್ದು ಆ ಮಾತನ್ನೇ. ಕೊನೆಗೆ ವಾಯುಪಡೆಯಿಂದ ನಿವೃತ್ತರಾದ ನೆರೆಯವರೊಬ್ಬರನ್ನು ಒಳಕೋಣೆಯಲ್ಲಿ ಪೈಲಟ್ ಆಗಿ ಕೂರಿಸಿ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ನುಗ್ಗಿದರೆ ಎರಡೂ ಕೆಡುವ ರೇಡಿಯೋ ತಂತ್ರಾಂಶವನ್ನು ಜೋಡಿಸಿದ ಮೇಲೆ ಕೆಲಸ ಕುದುರಿತು. ಯೋಧ ದಾಳಿಯ ವಿವರಗಳನ್ನು ಪೈಲಟ್‌ಗೆ ಸಾಲಾಗಿ ಹೇಳುವ ಒಂಬತ್ತು ಸಾಲಿನ ನಮೂನೆಯಲ್ಲಿ ಗುರಿಯ ಎತ್ತರವನ್ನೂ ಸ್ಥಾನವನ್ನೂ ಪೈಲಟ್ ತಿರುಗಿ ಓದಿ ಹೇಳಲೇಬೇಕು. ನಮ್ಮ ಒಳಕೋಣೆಯ ಪೈಲಟ್ ಬೇಕೆಂದೇ ಒಂದು ಅಂಕಿ ತಪ್ಪು ಓದುತ್ತಾರೆ, ಅದನ್ನು ಹಿಡಿಯದ ಯೋಧನ ದಾಳಿ ಅಲ್ಲಿಗೇ ರದ್ದು. “ನನ್ನ ಎಡಕ್ಕೆ ಗುಡ್ಡ” ಎಂದವನಿಗೆ ಒಳಗಿನಿಂದ ಉತ್ತರವೇ ಬರುವುದಿಲ್ಲ, ಏಕೆಂದರೆ ಮೇಲಿರುವವನಿಗೆ ದಿಕ್ಕು ಗೊತ್ತೇ ಹೊರತು ನಿಮ್ಮ ಎಡ ಗೊತ್ತಿಲ್ಲ.

ಇದರ ನಡುವೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ಬೀದರ್ ಕೋಟೆಯ ಉಪಗ್ರಹ ಚಿತ್ರವನ್ನು ಇಬ್ಬರ ಮುಂದಿಟ್ಟು, ಒಬ್ಬನು ಕಂದಕದಿಂದ ಹಿಡಿದು ಸೋಲಾ ಕಂಬ ಮಸೀದಿಯವರೆಗೆ, ದೊಡ್ಡ ಗುರುತಿನಿಂದ ಚಿಕ್ಕದಕ್ಕೆ, ಇನ್ನೊಬ್ಬನ ಕಣ್ಣನ್ನು ಮಾತಿನಲ್ಲೇ ಒಯ್ಯಬೇಕು. ಕಾಸು ಖರ್ಚಿಲ್ಲದ ಈ ಅಭ್ಯಾಸ ಕಂಪ್ಯೂಟರಿನಷ್ಟೇ ಫಲ ಕೊಟ್ಟಿತು. ಡ್ರೋನ್ ಹಾರಿಸುವ ಆಸೆಯೂ ಇತ್ತು, ಆದರೆ ವಾಯುಪಡೆ ನಿಲ್ದಾಣದ ಮಗ್ಗುಲಿನ ಊರಿನಲ್ಲಿ ಅದು ಸಾಗುವ ಮಾತಲ್ಲ. ಮೊದಮೊದಲು ನಾಲ್ಕೈದು ನಿಮಿಷ ತಡವರಿಸುತ್ತಿದ್ದ ಹುಡುಗರು ಈಗ ಎರಡು ನಿಮಿಷದೊಳಗೆ ಪೂರ್ತಿ ವಿವರ ಕೊಡುತ್ತಾರೆ.

ನನಗೆ ಹೆಮ್ಮೆಯಿರುವುದು ಬ್ಯಾಟರಿಯ ಪಾಠದ ಬಗ್ಗೆ. 2001ರ ಡಿಸೆಂಬರಿನಲ್ಲಿ ಅಫ್ಘಾನಿಸ್ತಾನದಲ್ಲಿ ಅಮೆರಿಕದ ತುಕಡಿಯೊಂದು ಜಿಪಿಎಸ್ ಉಪಕರಣದ ಬ್ಯಾಟರಿ ಬದಲಿಸಿದಾಗ, ಅದು ಗುರಿಯ ಬದಲು ತಾನಿರುವ ಜಾಗವನ್ನೇ ತೋರಿಸಿ, ಬಾಂಬು ತಮ್ಮವರ ಮೇಲೆಯೇ ಬಿದ್ದಿತ್ತು. ಅದನ್ನೇ ಪರದೆಯ ಮೇಲೆ ನಡುದಾಳಿಯಲ್ಲಿ ತರುತ್ತೇನೆ. ಗುರಿಯ ಸ್ಥಾನ ಹೇಳುವ ಆರನೆಯ ಸಾಲನ್ನೂ ಮಿತ್ರಪಡೆಯ ಸ್ಥಾನ ಹೇಳುವ ಎಂಟನೆಯ ಸಾಲನ್ನೂ ಹೋಲಿಸಿ ನೋಡುವ ಅಭ್ಯಾಸವಿದ್ದವನು ಮಾತ್ರ ಅದನ್ನು ತಡೆಯುತ್ತಾನೆ. ಅಂಕಿಗಳನ್ನು ಅವನಿಗೆ ಕಾಣದಂತೆ ಬದಲಿಸುವ ಉಪಾಯವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮುಂದಿನ ತಂಡ ಯುಗಾದಿಯ ರಜೆಗೆ ಬರಲಿದೆ.