ಮಂಜು ಬಿಡುವ ಹೊತ್ತಿಗೆ ಕ್ಯಾಮೆರಾ ಸಿದ್ಧವಿರಲಿ

ನಂದಿಬೆಟ್ಟದಲ್ಲಿ ಸೂರ್ಯ ಮೇಲೆ ಬಂದನೆಂದರೆ ಸಾಕು, ಅರ್ಧ ಜನ ಟೀ ಅಂಗಡಿ ಕಡೆ ತಿರುಗುತ್ತಾರೆ. ಫೋಟೊ ತೆಗೆಯುವವರಿಗೆ ಕೆಲಸ ಶುರುವಾಗುವುದೇ ಆಗ. ಕೆಂಪು ಸೂರ್ಯ ಎಲ್ಲರ ಫೋನಿನಲ್ಲೂ ಇದ್ದಾನೆ. ಮಂಜು ಹರಿದು ಕೆರೆ, ದಿಬ್ಬ, ರಾಗಿ ಹೊಲ ಒಂದೊಂದಾಗಿ ಕಣ್ಣಿಗೆ ಬೀಳುವ ನೋಟ ಕಾದವರಿಗಷ್ಟೇ ಸಿಗುತ್ತದೆ.

ಹಿಂದಿನ ಸಂಜೆಯೇ ಆಕಾಶ ನೋಡಿ

ಒಂದೆರಡು ದಿನದ ಹಿಂದೆ ಮಳೆಯಾಗಿ ನೆಲ ತೇವವಾಗಿದ್ದು, ರಾತ್ರಿ ಮೋಡವಿಲ್ಲದೆ ಗಾಳಿಯೂ ನಿಂತಿದ್ದರೆ ಹೊರಡಬಹುದು. ನೆಲದ ಕಾವು ಆರಿ, ತಣ್ಣನೆಯ ಗಾಳಿ ತಗ್ಗಿನಲ್ಲಿ ನಿಂತು ಮಂಜು ಕಟ್ಟುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಇದರ ಕಾಲ. ನಂದಿಯ ಎತ್ತರ 1,478 ಮೀಟರ್. ಹಾಗಾಗಿ ಮಂಜು ಎಷ್ಟೋ ಸಲ ನಿಮ್ಮ ಕಾಲ ಕೆಳಗೇ ಇರುತ್ತದೆ. ಮುಂಗಾರಿನಲ್ಲಿ ಲೆಕ್ಕವೇ ಬೇರೆ. ಮೋಡ ಬೆಟ್ಟದ ಮೇಲೇ ಬಂದು ಕೂರುತ್ತದೆ. ಆಗ ದೂರದ ನೋಟದ ಆಸೆ ಬಿಟ್ಟು ಹತ್ತಿರದ ಮರ, ಕೋಟೆ ಗೋಡೆಗಳನ್ನು ಹಿಡಿಯಿರಿ.

ನಂದಿ ಹತ್ತಿರದ ಸ್ಕಂದಗಿರಿ ಬೆಟ್ಟಕ್ಕೆ ಹೋಗುವುದಾದರೆ ಚಾರಣದ ಆನ್‌ಲೈನ್ ಬುಕಿಂಗ್ ಮೊದಲೇ ಆಗಿರಲಿ. ನಂದಿಗೆ ಭಾನುವಾರ ಬೇಡವೇ ಬೇಡ. ಟ್ರೈಪಾಡ್ ಊರಲು ಜಾಗ ಸಿಕ್ಕರೂ ಯಾರದೋ ಸೆಲ್ಫಿ ಕೋಲು ಫ್ರೇಮಿನೊಳಗೆ ಬರುತ್ತದೆ.

ಮೀಟರ್ ಮಾತು ಪೂರ್ತಿ ನಂಬಬೇಡಿ

ಟ್ರೈಪಾಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/8ರಿಂದ ಎಫ್/11, ಎರಡು ಸೆಕೆಂಡಿನ ಟೈಮರ್, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲು). ಇಷ್ಟು ಹೊಂದಿಸಿಕೊಳ್ಳಿ. ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲೇ ಇರಲಿ. ಆಟೊಗೆ ಬಿಟ್ಟರೆ ಮುಂಜಾವಿನ ನೀಲಿಯನ್ನು ಅದೇ ತೊಳೆದುಬಿಡಬಹುದು.

ಹೆಚ್ಚಿನವರು ಎಡವುವುದು ಎಕ್ಸ್‌ಪೋಷರ್‌ನಲ್ಲಿ, ಅಂದರೆ ಫೋಟೊಗೆ ಎಷ್ಟು ಬೆಳಕು ಬೇಕೆಂಬ ಲೆಕ್ಕದಲ್ಲಿ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಎದುರಿಗಿರುವುದು ನಡುಬೂದು ಬಣ್ಣದ್ದೆಂದೇ ಲೆಕ್ಕ ಹಾಕುತ್ತದೆ. ಬೆಳ್ಳನೆಯ ಮಂಜು ಫ್ರೇಮು ತುಂಬಿದ್ದರೆ ಅದನ್ನೂ ಬೂದು ಮಾಡಿಡುತ್ತದೆ. ಮೀಟರ್ ಲೆಕ್ಕಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಷನ್ +0.7 ಅಥವಾ +1 ಕೊಡಿ. ಫೋಟೊದ ಬೆಳಕು-ಕತ್ತಲು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ಬಲತುದಿಗೆ ಬಡಿಯದಂತೆ ನೋಡಿಕೊಳ್ಳಿ. ಸೂರ್ಯ ಫ್ರೇಮಿನೊಳಗೆ ಬಂದ ಕೂಡಲೇ ಆ ಲೆಕ್ಕ ಮುಗಿಯಿತು: −2, 0, +2 ಎಂದು ಮೂರು ಫೋಟೊ ತೆಗೆದು ಆಮೇಲೆ ಒಂದಾಗಿ ಸೇರಿಸಿ. ಫೋನಿನಲ್ಲಾದರೆ ಮಂಜಿನ ಮೇಲೆ ಬೆರಳಿಟ್ಟು ಬೆಳಕಿನ ಗುರುತನ್ನು ತುಸು ಮೇಲಕ್ಕೆ ಎಳೆದರಾಯಿತು.

ವೈಡ್ ಲೆನ್ಸಿಗೆ ಸಾಲುಬೆಟ್ಟಗಳು ಗೆರೆಯಂತೆ ಕಾಣುತ್ತವೆ. ದೂರದ್ದನ್ನು ಹತ್ತಿರ ತರುವ 70–200 ಮಿ.ಮೀ. ಜೂಮ್ ಲೆನ್ಸ್ ಹಾಕಿ ನೋಡಿ, ಒಂದರ ಹಿಂದೊಂದು ಪದರಪದರವಾಗಿ ಎದ್ದು ನಿಲ್ಲುತ್ತವೆ. ನನ್ನ ಕೇಳಿದರೆ ಬಯಲುಸೀಮೆಯ ಬೆಟ್ಟಗಳಿಗೆ ಇದೇ ಸರಿಯಾದ ಲೆನ್ಸು.

ಮಳೆ ಬಿಟ್ಟ ಮೇಲೆ ಮಧುಗಿರಿ

ಏಪ್ರಿಲ್–ಮೇನಲ್ಲಿ ಗುಡುಗು ಮಳೆ ಬಂದು ಹೋದ ಸಂಜೆ ದೂಳು ಅಡಗಿ ದೂರದ ಬೆಟ್ಟವೂ ನಿಚ್ಚಳ. ತುಮಕೂರು ಜಿಲ್ಲೆಯ ಮಧುಗಿರಿಯ ಏಕಶಿಲೆ ಬೆಟ್ಟದ ಮೇಲೆ ನೀರು ಇಳಿದ ಜಾಡು ಕಪ್ಪಗೆ, ಒಣಗುತ್ತಿರುವ ಅಂಚು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರನ್ನು ನಿಧಾನ ತಿರುಗಿಸಿದರೆ ಮೇಲಿನ ಹೊಳಪು ಕರಗಿ ಕಲ್ಲಿನ ಬಣ್ಣ ಹೊರಬರುತ್ತದೆ. ಪೂರ್ತಿ ತೆಗೆಯಬೇಡಿ, ತುಸು ಹೊಳಪಿದ್ದರೇನೇ ಒದ್ದೆಬಂಡೆ ಎನ್ನಿಸುವುದು. ಇದನ್ನೆಲ್ಲ ಬೆಟ್ಟದ ಬುಡದಿಂದಲೇ ತೆಗೆಯಿರಿ. ಒದ್ದೆಬಂಡೆ ಜಾರುತ್ತದೆ, ಗುಡುಗು ಕೇಳಿಸುವಷ್ಟು ಹೊತ್ತೂ ಬೋಳುಬಂಡೆಯ ಮೇಲೆ ನಿಲ್ಲಲೇಬಾರದು.

ಎ.ಸಿ. ಕಾರಿನಿಂದ ಇಳಿದೊಡನೆ ಲೆನ್ಸ್ ಮಬ್ಬಾದರೆ ಒರೆಸುತ್ತ ಕೂರಬೇಡಿ. ಬ್ಯಾಗಿನೊಳಗೇ ಸ್ವಲ್ಪ ಹೊತ್ತು ಬಿಟ್ಟರೆ ಹೊರಗಿನ ಸೆಕೆಗೆ ಹೊಂದಿಕೊಳ್ಳುತ್ತದೆ.

ಮೋಡ ಮುಚ್ಚಿದ ದಿನಕ್ಕೆ ಕೋಲಾರದ ಅಂತರಗಂಗೆ ಬೆಟ್ಟ ಇದೆ. ಗುಂಡುಬಂಡೆಗಳ ಸಂದಿಗೂ ಹದವಾದ ಬೆಳಕು ಇಳಿಯುವುದು ಅಂಥ ದಿನವೇ. ಮಂಗಗಳಿವೆ, ಬ್ಯಾಗಿನ ಜಿಪ್ ಹಾಕಿಯೇ ಇರಲಿ.