ಚಳಿಗೆ ಸೋಲುವುದು ಬಲವೋ, ಚುರುಕೋ? ಮನೆಯಲ್ಲೇ ಅಳೆದು ನೋಡಿ

ಕೈ ಮರಗಟ್ಟಿದಾಗ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತೇವೆ. ಅದೇ ಕೈ ತುಂಬಿದ ಕೊಡವನ್ನು ಎತ್ತಿಬಿಡುತ್ತದೆ. ಹಾಗಾದರೆ ಚಳಿ ಕಸಿದುಕೊಂಡಿದ್ದು ಏನನ್ನು?

ಎರಡು ಬಕೆಟ್, ಐಸ್, ಸ್ಪ್ರಿಂಗ್ ಇರುವ ಬಟ್ಟೆ ಕ್ಲಿಪ್, ಮೇಲೆ ನಿಂತು ತೂಕ ನೋಡುವ ಮಷಿನ್, ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಸಾಲದು, ಅದು 35 ಡಿಗ್ರಿಗಿಂತ ತುಂಬಾ ಕೆಳಗೆ ಅಳೆಯುವುದಿಲ್ಲ. ಶಾಲೆಯ ಲ್ಯಾಬಿನದು ಬೇಕು.

ಮೊದಲು ಕೈ ಸಹಜವಾಗಿದ್ದಾಗಲೇ ಅಳೆಯಿರಿ. ತೂಕದ ಮಷಿನ್ನಿನ ಅಂಚನ್ನು ಒಂದೇ ಕೈಯಲ್ಲಿ ಹಿಡಿದು ಶಕ್ತಿಮೀರಿ ಹಿಸುಕಿ, ಮುಳ್ಳು ಎಲ್ಲಿಗೆ ಹೋಯಿತು ಅಂತ ಬರೆದುಕೊಳ್ಳಿ. ಮೂರು ಸಲ ಹಿಸುಕಿ, ಹೆಚ್ಚಿನದನ್ನು ಇಟ್ಟುಕೊಳ್ಳಿ. ಆಮೇಲೆ 30 ಸೆಕೆಂಡಿನಲ್ಲಿ ಕ್ಲಿಪ್ಪನ್ನು ಎಷ್ಟು ಸಲ ಪೂರ್ತಿ ತೆರೆದು ಮುಚ್ಚುತ್ತೀರಿ, ಎಣಿಸಿ. ಮೊದಲನೆಯದು ಬಲ, ಎರಡನೆಯದು ಚುರುಕು.

ಈಗ 15 ಡಿಗ್ರಿ ನೀರಿನಲ್ಲಿ 10 ನಿಮಿಷ ಕೈ ಅದ್ದಿ. ಬರೀ ಬೆರಳಲ್ಲ, ಮೊಣಕೈವರೆಗೆ. ಯಾಕೆಂದರೆ ಬೆರಳು ಮಡಚುವ ದೊಡ್ಡ ಸ್ನಾಯುಗಳೆಲ್ಲ ಮುಂಗೈಯಲ್ಲಿವೆ, ಬೆರಳಿನಲ್ಲಿ ಇರುವುದು ಅವುಗಳ ಹಗ್ಗ ಮಾತ್ರ. ಕೈ ಒರೆಸಿ ತಕ್ಷಣ ಮತ್ತೆ ಅಳೆಯಿರಿ. ಹೃದಯದ ತೊಂದರೆ ಇರುವವರು, ಚಳಿಗೆ ಬೆರಳು ಬಿಳಿಚಿಕೊಳ್ಳುವವರು, ಕೈಗೆ ಸ್ಪರ್ಶ ಸರಿಯಾಗಿ ತಿಳಿಯದ ಸಕ್ಕರೆ ಕಾಯಿಲೆಯವರು ದಯವಿಟ್ಟು ಮಾಡಬೇಡಿ.

ಕ್ಲಿಪ್ಪಿನ ಎಣಿಕೆ ಸಾಮಾನ್ಯವಾಗಿ ಎದ್ದು ಕಾಣುವಷ್ಟು ಇಳಿಯುತ್ತದೆ. ಹಿಸುಕುವ ಬಲ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸ್ನಾಯು ಎಳೆಯುವುದು ಮಯೋಸಿನ್ ಎಂಬ ಪ್ರೋಟೀನಿನ ಪುಟ್ಟ ಕೊಕ್ಕೆಗಳಿಂದ. ಅವು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು, ಎಳೆದು, ಬಿಡುತ್ತವೆ. ತಣ್ಣಗಾದರೆ ಈ ರಾಸಾಯನಿಕ ಕೆಲಸ ನಿಧಾನ. ಸ್ನಾಯುವಿಗೆ ಎಳೆಯಲು ಸೂಚನೆ ಕೊಡುವ ಕ್ಯಾಲ್ಸಿಯಂ ತನ್ನ ಸಂಗ್ರಹಕ್ಕೆ ವಾಪಸ್ ಸೇರುವುದೂ ತಡವಾಗುವುದರಿಂದ ಸ್ನಾಯು ಬೇಗ ಸಡಿಲಾಗುವುದಿಲ್ಲ. ನರಗಳ ಸಂದೇಶವೂ ತಡ. ಹಿಡಿದು ನಿಲ್ಲುವ ಕೆಲಸಕ್ಕೆ ಇದರಿಂದ ಅಷ್ಟು ತೊಂದರೆ ಇಲ್ಲ. ಆದರೆ ಸ್ನಾಯುವೇ ಸುಮಾರು 25 ಡಿಗ್ರಿಗಿಂತ ಕೆಳಗಿಳಿದರೆ ಬಲವೂ ಚೆನ್ನಾಗಿಯೇ ಕುಸಿಯುತ್ತದೆ.

ಇದನ್ನೇ ಎರಡನೆಯ ಬಕೆಟ್ಟಿನ ಬಿಸಿನೀರಿನಲ್ಲಿ ಮಾಡುವ ಸರದಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ತಣ್ಣಗಾದ ಸ್ನಾಯು ಒಳಗಿಂದ ಬೆಚ್ಚಗಾಗಲು ಸಮಯ ಬೇಕು, ಸುಸ್ತೂ ಲೆಕ್ಕ ಕೆಡಿಸುತ್ತದೆ. 38 ಡಿಗ್ರಿ ಸಾಕು, 40 ದಾಟಬೇಡಿ. ಬಲ ಅಷ್ಟೇನೂ ಏರಲಿಲ್ಲ ಅಂತ ಬೇಜಾರಾಗಬೇಡಿ, ಏರುವುದು ಹೆಚ್ಚಾಗಿ ವೇಗ. ಜಿಗಿತ, ಓಟದಂಥ ಕೆಲಸದಲ್ಲಿ ಸ್ನಾಯುವಿನ ಒಂದೊಂದು ಡಿಗ್ರಿಗೂ ಪವರ್, ಅಂದರೆ ಬಲ ಮತ್ತು ವೇಗ ಎರಡೂ ಸೇರಿದ್ದು, ಸುಮಾರು 4ರಿಂದ 6% ಬದಲಾಗುತ್ತದೆ. ಓಟಗಾರರು ಸ್ಟಾರ್ಟಿಂಗ್ ಬ್ಲಾಕಿಗೆ ಬರುವವರೆಗೂ ಟ್ರ್ಯಾಕ್ ಪ್ಯಾಂಟ್ ಬಿಚ್ಚದಿರುವುದು ಸುಮ್ನೆ ಅಲ್ಲ.