ಹಳೇ ಎಟಿವಿಯ ಹಿಂದಿನ ಆಕ್ಸಲ್ ಅಲುಗಾಡುತ್ತಿದೆಯಾ? ಬಿಚ್ಚಿ ಸರಿಮಾಡುವುದು ಹೀಗೆ

ಶಿಡ್ಲಘಟ್ಟದ ಕಡೆ ನಮ್ಮದು ರೇಷ್ಮೆ ತೋಟ. ಸಾಲುಗಳ ನಡುವೆ ಟ್ರ್ಯಾಕ್ಟರ್ ನುಗ್ಗುವುದಿಲ್ಲ, ಸೊಪ್ಪು ಹೊರೋಕೆ ಆಳು ಸಿಗುವುದಿಲ್ಲ. ಹಾಗಾಗಿ 110 ಸಿಸಿಯ ಹಳೇ ಎಟಿವಿ, ಅಂದರೆ ಮಣ್ಣುದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು, ಒಂದನ್ನು ತಂದುಕೊಂಡೆವು. ರೆಸಾರ್ಟ್ ಒಂದರಲ್ಲಿ ಜನರನ್ನು ಕೂರಿಸಿಕೊಂಡು ಸುತ್ತಿದ್ದ ಗಾಡಿ. ಹುಳು ನಾಲ್ಕನೇ ಜ್ವರ ಬಿಟ್ಟು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ರೇಷ್ಮೆ ಮಾಡುವವರಿಗೆ ಗೊತ್ತೇ ಇರುತ್ತೆ. ಸರಿಯಾಗಿ ಆ ವಾರದಲ್ಲೇ ಹಿಂದಿನ ಎರಡೂ ಚಕ್ರ ತೊಯ್ದಾಡೋಕೆ ಶುರುವಾಯಿತು, ಕೆಳಗಿನಿಂದ ಗರಗರ ಸದ್ದು ಬೇರೆ. ಒಂದು ವರ್ಕ್‌ಶಾಪಿಗೆ ಕೊಟ್ಟೆ. ಬೇರಿಂಗ್ ಬದಲಿಸಿ ಕಳಿಸಿದರು. ಎರಡು ತಿಂಗಳಿಗೆ ಮತ್ತೆ ಅದೇ ಸದ್ದು. ಆಗ ನಾನೇ ಬಿಚ್ಚಿದೆ. ಬೇರಿಂಗ್ ಕೆಟ್ಟಿದ್ದು ನಿಜ, ಆದರೆ ಅದನ್ನು ಕೆಡಿಸಿದ್ದು ಬೇರೆಯೇ ಇತ್ತು. ಅದು ಹಾಗೇ ಉಳಿದಿತ್ತು. ಆ ಕಾರಣವನ್ನು ಹುಡುಕಿ ಸರಿಮಾಡೋಕೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದರ ರಚನೆ ತಿಳಿದುಕೊಳ್ಳಿ. ಚೈನ್ ಇರುವ ಸಣ್ಣ ಎಟಿವಿಯಲ್ಲಿ ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುತ್ತೆ, ಕಾರಿನ ಹಾಗೆ ಡಿಫರೆನ್ಷಿಯಲ್ ಇಲ್ಲ. ಎರಡೂ ಚಕ್ರ ಯಾವಾಗಲೂ ಒಂದೇ ವೇಗದಲ್ಲಿ ತಿರುಗಬೇಕು. ಮಣ್ಣಿನಲ್ಲಿ ತಿರುವಿಗೆ ಒಂದು ಚಕ್ರ ಜಾರಿಕೊಂಡು ಹೋಗುತ್ತೆ, ತೊಂದರೆ ಇಲ್ಲ. ಡಾಂಬರಿನ ಮೇಲೆ ಅದು ಜಾರುವುದಿಲ್ಲ, ಆ ತಿರುಚುವ ಬಲ ಪೂರ್ತಿ ಆಕ್ಸಲ್ ಮೇಲೆ, ಚಕ್ರ ಕೂರುವ ಹಬ್ಬಿನ ಹಲ್ಲುಗಳ ಮೇಲೆ ಬೀಳುತ್ತೆ. ಆಕ್ಸಲ್ ಮಧ್ಯದಲ್ಲಿ ಒಂದು ಕ್ಯಾರಿಯರ್, ಅಂದರೆ ಬೇರಿಂಗ್ ಮನೆ. ಅದರೊಳಗೆ ಎರಡು ಬೇರಿಂಗ್, ಅವುಗಳ ನಡುವೆ ಸ್ಪೇಸರ್ ಪೈಪು, ಎರಡೂ ಕಡೆ ಮಣ್ಣು ನೀರು ತಡೆಯುವ ಆಯಿಲ್ ಸೀಲ್. ಒಂದು ಬದಿಗೆ ಸ್ಪ್ರಾಕೆಟ್, ಇನ್ನೊಂದು ಬದಿಗೆ ಬ್ರೇಕ್ ಡಿಸ್ಕ್. ಇವೆಲ್ಲ ಅಲುಗಾಡದ ಹಾಗೆ ಒತ್ತಿ ಹಿಡಿಯೋಕೆ ದೊಡ್ಡ ಎರಡು ಚೆಕ್ ನಟ್. ತುದಿಗಳಲ್ಲಿ ಹಬ್, ಅದರ ನಟ್ಟಿಗೆ ಸ್ಪ್ಲಿಟ್ ಪಿನ್. ಮಾಡೆಲ್ಲಿಂದ ಮಾಡೆಲ್ಲಿಗೆ ಸ್ವಲ್ಪ ಬದಲಾಗುತ್ತೆ, ಲೆಕ್ಕ ಇದೇ.

ಬಿಚ್ಚುವ ಮುಂಚೆ ಪರೀಕ್ಷೆ ಮಾಡಿ. ಹಿಂಭಾಗ ಎತ್ತಿ ಫ್ರೇಮಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ, ಬರೀ ಜಾಕ್ ನಂಬಿಕೊಂಡು ಕೆಳಗೆ ಕೈ ಹಾಕಬೇಡಿ. ಒಂದು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಇನ್ನೊಂದು ಚಕ್ರವೂ ಜೊತೆಗೆ ಅಲ್ಲಾಡಿದರೆ ಕ್ಯಾರಿಯರ್ ಬೇರಿಂಗ್ ಹೋಗಿದೆ. ಒಂದೇ ಚಕ್ರ ಆಡಿದರೆ ಅದರ ಹಬ್ ನಟ್ ಸಡಿಲ, ಇಲ್ಲವೇ ಹಬ್ಬಿನ ಹಲ್ಲು ಸವೆದಿದೆ. ಆಕ್ಸಲ್ಲನ್ನು ಉದ್ದಕ್ಕೆ ಆ ಕಡೆ ಈ ಕಡೆ ತಳ್ಳಿ, ಟಕ್ ಟಕ್ ಅಂದರೆ ಚೆಕ್ ನಟ್ ಸಡಿಲ. ಕ್ಯಾರಿಯರ್ ಸಮೇತ ಅದನ್ನು ಫ್ರೇಮಿಗೆ ಸೇರಿಸುವ ತೋಳು, ಅಂದರೆ ಸ್ವಿಂಗ್ ಆರ್ಮೇ ಅಲುಗಿದರೆ ಅದು ಮುಂದಿನ ಪಿವೋಟ್ ಬುಶ್ಶಿನ ಕೆಲಸ, ಆಕ್ಸಲ್ ಬಿಚ್ಚಿ ಪ್ರಯೋಜನ ಇಲ್ಲ. ಕೊನೆಗೆ ಚಕ್ರ ತೆಗೆದು, ಫ್ರೇಮಿಗೆ ಒಂದು ಗಟ್ಟಿ ತಂತಿ ಕಟ್ಟಿ, ಅದರ ತುದಿ ಆಕ್ಸಲ್ಲಿನ ತುದಿಗೆ ಇನ್ನೇನು ತಾಗಬೇಕು ಅನ್ನುವ ಹಾಗೆ ನಿಲ್ಲಿಸಿ ಆಕ್ಸಲ್ ತಿರುಗಿಸಿ. ಸಂದು ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಆಗುತ್ತಿದ್ದರೆ ಆಕ್ಸಲ್ ಬೆಂಡ್ ಆಗಿರಬಹುದು. ಬೇರಿಂಗ್ ಪೂರ್ತಿ ಸಡಿಲ ಇದ್ದರೆ ಮಾತ್ರ ಈ ಪರೀಕ್ಷೆ ನಂಬಬೇಡಿ, ಹೊರಗೆ ತೆಗೆದ ಮೇಲೆ ಲೇತಿನವರ ಹತ್ತಿರ ಸೆಂಟರ್ ಕೊಟ್ಟು ತಿರುಗಿಸಿ ನೋಡಿಸಿ.

ಇನ್ನು ಬಿಚ್ಚುವುದು. ಪರೀಕ್ಷೆಗೆ ತೆಗೆದ ಚಕ್ರ ವಾಪಸ್ ಹಾಕಿ ಗಾಡಿ ಇಳಿಸಿ, ಹಬ್ ನಟ್‌ಗಳನ್ನು ಗಾಡಿ ನೆಲದ ಮೇಲೆ ನಿಂತಿರುವಾಗಲೇ ಸಡಿಲ ಮಾಡಿ. ಸ್ಪ್ಲಿಟ್ ಪಿನ್ ಕಿತ್ತು, ಒಬ್ಬರು ಬ್ರೇಕ್ ಒತ್ತಿ ಹಿಡಿದರೆ ಇನ್ನೊಬ್ಬರು ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಎಳೆಯಬಹುದು. ಚೆಕ್ ನಟ್ಟನ್ನೂ ಆಗಲೇ ಬಿಡಿಸಿ. ಇದಕ್ಕೆ ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿಯುವವರೇ ಜಾಸ್ತಿ. ದಯವಿಟ್ಟು ಬೇಡ. ನಟ್ಟಿನ ಮೂಲೆ ಹೋಗುತ್ತೆ, ಆಕ್ಸಲ್ಲಿನ ಮರೆ, ಅಂದರೆ ಥ್ರೆಡ್ಡು, ಹೋಗುತ್ತೆ, ಮುಂದೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಆ ಅಳತೆಯ ತೆಳು ಸ್ಪ್ಯಾನರ್ ಅಂಗಡಿಯಲ್ಲಿ ಸಿಗಲಿಲ್ಲ ಅಂದರೆ ನಟ್ಟನ್ನು ವರ್ನಿಯರಿನಲ್ಲಿ ಅಳೆದು, ವೆಲ್ಡಿಂಗ್ ಶಾಪಿನಲ್ಲಿ 6 ಎಂಎಂ ಪ್ಲೇಟಿನಿಂದ ಎರಡು ಸ್ಪ್ಯಾನರ್ ಕತ್ತರಿಸಿಕೊಳ್ಳಿ. ಎರಡು ಬೇಕೇ ಬೇಕು. ಒಳಗಿನ ನಟ್ ಹಿಡಿದುಕೊಂಡು ಹೊರಗಿನದನ್ನು ತಿರುಗಿಸಬೇಕು. ಜೋರು ಹಾಕುವ ಮುಂಚೆ ಮರೆ ಯಾವ ಕಡೆಗೆ ಏರುತ್ತಿದೆ ಅಂತ ಕಣ್ಣಲ್ಲಿ ನೋಡಿಕೊಳ್ಳಿ.

ಆಮೇಲೆ ಗಾಡಿ ಎತ್ತಿ ಚಕ್ರ, ಹಬ್ ತೆಗೆಯಿರಿ. ಹಬ್ ಕಚ್ಚಿಕೊಂಡಿದ್ದರೆ ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು, ಬೆಳಿಗ್ಗೆ ಪುಲ್ಲರ್ ಹಾಕಿ. ಚೈನ್ ಸಡಿಲಿಸಿ ಲಾಕ್ ತೆಗೆಯಿರಿ. ಬ್ರೇಕ್ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಫ್ರೇಮಿಗೆ ಕಟ್ಟಿ, ಹೋಸಿನಲ್ಲಿ ನೇತಾಡೋಕೆ ಬಿಡಬೇಡಿ. ಬಿಚ್ಚಿದ ಪ್ರತಿ ಸಾಮಾನನ್ನೂ ಬಿಚ್ಚಿದ ಕ್ರಮದಲ್ಲೇ ಒಂದು ಗೋಣಿಚೀಲದ ಮೇಲೆ ಸಾಲಾಗಿ ಜೋಡಿಸುತ್ತಾ ಫೋನಲ್ಲಿ ಫೋಟೊ ತೆಗೆದುಕೊಳ್ಳಿ, ಯಾಕೆಂದರೆ ವಾಷರ್ ಒಳಗಿತ್ತಾ ಹೊರಗಿತ್ತಾ ಅನ್ನುವುದು ಸಾಯಂಕಾಲಕ್ಕೆ ಯಾರಿಗೂ ನೆನಪಿರುವುದಿಲ್ಲ. ಆಕ್ಸಲ್ ಹೊರಗೆ ಬಡಿಯುವಾಗ ತುದಿಯ ನಟ್ಟನ್ನು ವಾಪಸ್ ಸಮಕ್ಕೆ ತಿರುಗಿಸಿ, ಮರದ ತುಂಡು ಇಟ್ಟು ಬಡಿಯಿರಿ. ನೇರ ಕಬ್ಬಿಣದ ಸುತ್ತಿಗೆ ಏಟು ಬಿದ್ದರೆ ಮರೆ ಚಪ್ಪಟೆ ಆಗುತ್ತೆ.

ಈಗ ನಿಧಾನವಾಗಿ ನೋಡುವ ಹೊತ್ತು. ನಾನು ಸೀಲನ್ನು ಸ್ಕ್ರೂಡ್ರೈವರಿನಲ್ಲಿ ಮೀಟಿ ತೆಗೆದಾಗ ಅದರ ಹಿಂದೆ ನೀಲಿ ಬಣ್ಣದ್ದೇನೋ ಕಂಡಿತು. ಎಳೆದರೆ ಬರುತ್ತಲೇ ಇತ್ತು. ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ! ಆಕ್ಸಲ್ಲಿಗೆ ಸುತ್ತಿಕೊಂಡು, ಬಿಸಿಗೆ ಕರಗಿ ಗಟ್ಟಿ ಬಳೆಯ ಹಾಗಾಗಿ, ಸೀಲಿನ ತುಟಿಯನ್ನು ಕತ್ತರಿಸಿ ಒಳಗೆ ಹೋಗಿತ್ತು. ಆ ದಾರಿಯಲ್ಲೇ ನಮ್ಮ ಕೆಂಪು ಮಣ್ಣು, ಡ್ರಿಪ್ಪಿನ ನೀರು ಎರಡೂ ಇಳಿದಿದ್ದವು. ಬೇರಿಂಗ್ ಒಳಗೆ ಗ್ರೀಸ್ ಇರಲಿಲ್ಲ, ಇಟ್ಟಿಗೆ ಬಣ್ಣದ ಕೆಸರಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಎರಡು ಬೇರಿಂಗ್ ನಡುವೆ ಸ್ಪೇಸರೇ ಇರಲಿಲ್ಲ. ಹಿಂದೆ ಯಾರೋ ಬಿಚ್ಚಿದವರು ಅದನ್ನು ವಾಪಸ್ ಹಾಕಿಲ್ಲ.

ಸ್ಪೇಸರ್ ಇಲ್ಲದಿದ್ದರೆ ಏನಾಗುತ್ತೆ? ಚೆಕ್ ನಟ್ ಬಿಗಿ ಮಾಡಿದ ಬಲ ಬೇರಿಂಗಿನ ಒಳಬಳೆಗಳನ್ನು ಒಂದರ ಕಡೆಗೊಂದು ಒತ್ತುತ್ತೆ. ಹೊರಬಳೆ ಮನೆಯಲ್ಲಿ ಕೂತಿರುತ್ತೆ, ಒಳಬಳೆ ಸರಿಯುತ್ತೆ, ಗುಂಡುಗಳು ಅಡ್ಡಕ್ಕೆ ಅರೆಯುತ್ತವೆ. ಬಿಸಿಯಾಗಿ ಹೋಗುತ್ತೆ. ಬಿಗಿ ಮಾಡಿದರೆ ಚಕ್ರ ತಿರುಗಲ್ಲ ಅಂತ ನಟ್ ಸಡಿಲ ಬಿಟ್ಟರೆ ಆಕ್ಸಲ್ ಒಳಬಳೆಯೊಳಗೇ ತಿರುಗಿ ಸವೆಯುತ್ತೆ. ಎರಡೂ ನಷ್ಟವೇ. ನಿಮ್ಮದರಲ್ಲೂ ಸ್ಪೇಸರ್ ಕಾಣೆಯಾಗಿದ್ದರೆ ಲೇತಿನಲ್ಲಿ ಮಾಡಿಸಿ. ಬೇರಿಂಗ್ ಕೂರುವ ಎರಡು ಮೆಟ್ಟಿಲುಗಳ ನಡುವಿನ ಉದ್ದ ಎಷ್ಟೋ ಅಷ್ಟೇ ಇರಬೇಕು, ಕೂದಲೆಳೆ ಉದ್ದ ಇದ್ದರೂ ಪರವಾಗಿಲ್ಲ, ಗಿಡ್ಡ ಮಾತ್ರ ಆಗಬಾರದು. ಕ್ಯಾರಿಯರನ್ನೇ ತೆಗೆದುಕೊಂಡು ಹೋಗಿ ಅವರ ಕೈಯಲ್ಲೇ ಅಳೆಸಿ.

ಆಕ್ಸಲ್ ಮೇಲೆ ಬೇರಿಂಗ್ ಕೂರುವ ಜಾಗವನ್ನು ಒರೆಸಿ ಉಗುರು ಆಡಿಸಿ. ಹೊಸ ಬೇರಿಂಗ್ ಅಂಗೈಯಲ್ಲಿ ಒತ್ತಿದರೆ ಬಿಗಿಯಾಗಿ ಜಾರಿಕೊಂಡು ಬರಬೇಕು, ಬಂದ ಮೇಲೆ ಅಲುಗಾಡಬಾರದು. ತೀರಾ ಸ್ವಲ್ಪ ಸವೆದಿದ್ದರೆ ಬೇರಿಂಗ್ ಕೂರಿಸುವ ಅಂಟು ಸಿಗುತ್ತೆ, ಅದು ಹಿಡಿಯುತ್ತೆ. ಉಗುರು ಸಿಕ್ಕಿಕೊಳ್ಳುವಷ್ಟು ಗುಂಡಿ ಬಿದ್ದಿದ್ದರೆ ಆಕ್ಸಲ್ ಬದಲಿಸಿ. ವೆಲ್ಡಿಂಗ್ ತುಂಬಿಸಿ ಲೇತಿನಲ್ಲಿ ಎಳೆಸಬಹುದು ಅಂತ ಹೇಳುತ್ತಾರೆ, ಆದರೆ ಆ ಕಾವಿಗೆ ಕಬ್ಬಿಣದ ಹದ ಹೋಗಿ ವೆಲ್ಡಿಂಗ್ ಪಕ್ಕದಲ್ಲೇ ಮುರಿಯುವ ಸಾಧ್ಯತೆ ಇದೆ. ಸೊಪ್ಪಿನ ಹೊರೆ ಹಾಕಿಕೊಂಡು ಬದುವಿನ ಮೇಲೆ ಹೋಗುವಾಗ ಮುರಿದರೆ ಗಾಡಿ ನಮ್ಮ ಮೇಲೇ ಬೀಳುತ್ತೆ. ಬೆಂಡ್ ಆದ ಆಕ್ಸಲ್ಲನ್ನು ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಿಸುವುದೂ ಬೇಡ. ಹಲ್ಲು ಸವೆದ ಹಬ್ಬನ್ನು ಆಕ್ಸಲ್ಲಿಗೇ ವೆಲ್ಡ್ ಮಾಡಿಸುವುದಂತೂ ಬೇಡವೇ ಬೇಡ, ಮುಂದಿನ ಸಲ ಸೀಲ್ ಬದಲಿಸೋಕೂ ಆಗುವುದಿಲ್ಲ.

ಬೇರಿಂಗ್ ತರುವಾಗ ಗಾಡಿಯ ಹೆಸರು ಹೇಳಿ ಅಲೆಯಬೇಕಿಲ್ಲ, ಹಳೇ ಬೇರಿಂಗ್ ಮೇಲಿನ ನಂಬರ್ ಸಾಕು. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳ ಅಳತೆ ಬರುತ್ತೆ. 6006 ಅಂದರೆ ಒಳಗೆ 30, ಹೊರಗೆ 55, ದಪ್ಪ 13 ಎಂಎಂ. 6205 ಅಂದರೆ 25, 52, 15. ನಂಬರ್ ಆದಮೇಲೆ ಕೊನೆಗೆ 2ಆರ್‌ಎಸ್ ಅಂತ ಇರಲಿ, ಅಂದರೆ ಎರಡೂ ಕಡೆ ರಬ್ಬರ್ ಮುಚ್ಚಳ. ಝಡ್‌ಝಡ್ ಅಂದರೆ ತಗಡಿನ ಮುಚ್ಚಳ, ಕೆಸರಿಗೆ ಅದು ತಡೆಯಲ್ಲ. ಸೀಲಿನ ಮೇಲೂ ಮೂರು ಅಳತೆ ಬರೆದಿರುತ್ತೆ. ಚಿಕ್ಕಬಳ್ಳಾಪುರ, ಚಿಂತಾಮಣಿಯಂಥ ಊರುಗಳ ಟ್ರ್ಯಾಕ್ಟರ್, ಬೈಕ್ ಸಾಮಾನಿನ ಅಂಗಡಿಗಳಲ್ಲಿ ಮೊದಲು ಕೇಳಿ. ಆಕ್ಸಲ್ ಅಥವಾ ಹಬ್ಬೇ ಬೇಕಾದರೆ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ವಿಚಾರಿಸಿ. ಉದ್ದ, ಹಲ್ಲಿನ ಲೆಕ್ಕ, ಎರಡೂ ಎಣಿಸಿ ಹೊಂದಿಸಿಯೇ ದುಡ್ಡು ಕೊಡಿ.

ಕೂರಿಸುವ ಹಿಂದಿನ ರಾತ್ರಿ ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದ ಕ್ಯಾರಿಯರನ್ನು ಬಿಸಿಲಿಗಿಟ್ಟು ಚೆನ್ನಾಗಿ ಕಾಯಿಸಿ. ತಣ್ಣಗಿನದು ಕುಗ್ಗಿರುತ್ತೆ, ಬಿಸಿಯದು ಹಿಗ್ಗಿರುತ್ತೆ, ಅರ್ಧ ಕೆಲಸ ಅದೇ ಮಾಡುತ್ತೆ. ಹಳೇ ಬೇರಿಂಗಿನ ಹೊರಬಳೆಯನ್ನು ಮೇಲಿಟ್ಟು ಸುತ್ತಲೂ ಸಮನಾಗಿ ಬಡಿಯಿರಿ. ಒಳಬಳೆಗೆ ಏಟು ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಕೆಟ್ಟಿತು. ಒಂದು ಕೂತ ಮೇಲೆ ಸ್ಪೇಸರ್ ಹಾಕಿ, ಆಮೇಲೆ ಎರಡನೆಯದು. ಸೀಲಿನ ಸ್ಪ್ರಿಂಗ್ ಕಾಣುವ ಮುಖ ಒಳಗೆ ಬರಲಿ, ತುಟಿಗೆ ಗ್ರೀಸ್ ತುಂಬಿ.

ಆಕ್ಸಲ್ಲಿನ ಹಲ್ಲುಗಳಿಗೆ ಗ್ರೀಸ್ ಸವರಿ ತೂರಿಸಿ, ಸ್ಪ್ರಾಕೆಟ್ಟು, ಡಿಸ್ಕು ಅದರದರ ಜಾಗಕ್ಕೆ ಬರಲಿ. ಡಿಸ್ಕಿಗೆ ಗ್ರೀಸ್ ಕೈ ತಾಗದಿರಲಿ. ಒಳಗಿನ ಚೆಕ್ ನಟ್ ಬಿಗಿ ಮಾಡಿ ಆಕ್ಸಲ್ ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಬೇಕು. ಬಿಗಿ ಮಾಡಿದಷ್ಟೂ ಭಾರವಾದರೆ ಅಲ್ಲೇ ನಿಲ್ಲಿಸಿ, ಸ್ಪೇಸರ್ ಗಿಡ್ಡ ಆಗಿದೆ ಅಂತ ಲೆಕ್ಕ. ಸರಿ ಇದ್ದರೆ ಮರೆಗೆ ಥ್ರೆಡ್ ಲಾಕ್ ಅಂಟು ಹಚ್ಚಿ, ಒಳಗಿನದನ್ನು ಹಿಡಿದು ಹೊರಗಿನದನ್ನು ಜೋರಾಗಿ ಬಿಗಿಯಿರಿ. ಹಬ್ ನಟ್ ಪೂರ್ತಿ ಬಿಗಿ ಆದಮೇಲೆ ಪಿನ್ನಿನ ತೂತು ಸಮಕ್ಕೆ ಬರದಿದ್ದರೆ ಇನ್ನೂ ಸ್ವಲ್ಪ ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ಸಡಿಲ ಮಾಡಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ, ಎಷ್ಟಾಗುತ್ತೆ ಅದಕ್ಕೆ ಅಲ್ವಾ. ಚೈನಿನ ಸಡಿಲ ಅಳೆಯುವಾಗ ಚಕ್ರ ಸುತ್ತಿಸುತ್ತಾ ಅದು ಅತಿ ಬಿಗಿಯಾಗಿರುವ ಜಾಗ ಹುಡುಕಿ, ಅಲ್ಲಿ 25ರಿಂದ 35 ಎಂಎಂ ಆಡಲಿ. ಬ್ರೇಕನ್ನು ಮೂರು ನಾಲ್ಕು ಸಲ ಒತ್ತಿ, ಹಿಡಿಯುತ್ತಿದೆ ಅಂತ ಖಾತ್ರಿ ಆದಮೇಲೆ ಗಾಡಿ ಇಳಿಸಿ.

ಮೊದಲ ದಿನ ಹೊರೆ ಹಾಕದೆ ತೋಟದಲ್ಲಿ ಒಂದೆರಡು ಕಿಲೋಮೀಟರ್ ಸುತ್ತಿ ಬಂದು ಕ್ಯಾರಿಯರ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕೆ ಆಗದಷ್ಟು ಸುಡುತ್ತಿದ್ದರೆ ಮತ್ತೆ ಬಿಚ್ಚಲೇಬೇಕು. ಒಂದು ವಾರ ಓಡಿದ ಮೇಲೆ ಚೆಕ್ ನಟ್, ಹಬ್ ನಟ್, ಚೈನ್ ಇನ್ನೊಂದು ಸಲ ನೋಡಿ. ಗಾಡಿ ತೊಳೆಯುವಾಗ ಸೀಲಿಗೆ ನೇರ ಪ್ರೆಶರ್ ನೀರು ಹೊಡೆಯಬೇಡಿ. ನಾನಂತೂ ಈಗ ಪ್ರತಿ ಸಲ ಸೊಪ್ಪು ಇಳಿಸಿದ ಮೇಲೆ ಬಗ್ಗಿ ಆಕ್ಸಲ್ ನೋಡುತ್ತೇನೆ, ದಾರವೋ ಡ್ರಿಪ್ ಪೈಪಿನ ಚೂರೋ ಸುತ್ತಿಕೊಂಡಿದ್ದರೆ ಜೇಬಿನ ಚಾಕುವಿನಲ್ಲಿ ಅಲ್ಲೇ ಕತ್ತರಿಸಿ ಎಳೆದು ಹಾಕುತ್ತೇನೆ.